ಕಾಕಾನ ಫಾರ್ವರ್ಡ್, ಬೈಕಿನ ಹವಾ, ದೀಪಾವಳಿಗೆ ಹೋದ ಪಂಪ್

ನಮ್ಮ ಮನೆಯವರ ಗುಂಪಿನ ಮೆಸೇಜುಗಳು (ಕಾಕು ಅಂದ್ರೆ ಕಾಕಾನ ಹೆಂಡತಿ), ಶುಕ್ರವಾರ

ಕಾಕಾ ಕೋಥ್ರೂಡ್: (ಹಲವು ಬಾರಿ ಫಾರ್ವರ್ಡ್ ಆಗಿದೆ) ಬೈಕ್ ಸವಾರರೇ ಗಮನಿಸಿ!! ಚಳಿಗಾಲದಲ್ಲಿ ಟೈರಿನ ಗಾಳಿ 5 ಪಿಎಸ್‌ಐ (ಹವಾ ಒತ್ತಡದ ಪಾಯಿಂಟ್) ಇಳಿಸಿ. ಗ್ರಿಪ್ ಜಾಸ್ತಿ ಸಿಗುತ್ತದೆ, ಗಾಡಿ ಜಾರುವುದಿಲ್ಲ. 10 ಜನಕ್ಕೆ ಕಳಿಸಿ.

ಕಾಕಾ ಕೋಥ್ರೂಡ್: ಭಾನುವಾರ ಸಿಂಹಗಡ ಬೆಟ್ಟದ ಕೋಟೆಗೆ ಬರುವವರೆಲ್ಲ ಓದಿ. ನಾನು ಈಗಷ್ಟೇ ಪೆಟ್ರೋಲ್ ಪಂಪಿಗೆ ಹೋಗಿ ಇಳಿಸಿಕೊಂಡು ಬಂದೆ.

ನಾನು: ಅಯ್ಯೋ ಕಾಕಾ, ಇದು ಪೂರ್ತಿ ಉಲ್ಟಾ. ಚಳಿಗೆ ಹವಾ ತಾನಾಗೇ ಇಳಿಯುತ್ತೆ, ನಾವು ಬೇರೆ ಯಾಕೆ ತೆಗೀಬೇಕು?

ಅತ್ತೆ ಡೊಂಬಿವಲಿ: ಚಳಿ ಎಲ್ಲಿದೆ? ನಾವಿನ್ನೂ ಫ್ಯಾನ್ ಹಾಕಿಕೊಂಡೇ ಮಲಗ್ತಿದ್ದೀವಿ.

ಕಾಕಾ ಕೋಥ್ರೂಡ್: ಅಕ್ಕಾ, ನೀನು ಪುಣೆಗೆ ಬಂದು ಬೆಳಗ್ಗೆ 6ಕ್ಕೆ ಪಾಷಾಣ್ ಕಡೆ ಒಂದು ಸುತ್ತು ಹೊಡಿ, ಗೊತ್ತಾಗುತ್ತೆ. ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಯಾರೂ ನನಗೆ ಹವಾ ಲೆಕ್ಕ ಹೇಳಬೇಕಾಗಿಲ್ಲ.

ನಾನು: ಲೆಕ್ಕ ಹೇಳ್ತಿಲ್ಲ ಕಾಕಾ, ಕೇಳ್ತಿದ್ದೀನಿ. ಎಷ್ಟಿತ್ತು, ಎಷ್ಟು ಮಾಡಿಸಿದ್ರಿ?

ಕಾಕಾ ಕೋಥ್ರೂಡ್: ಹಿಂದಿನದು 31 ತೋರಿಸ್ತು. 26 ಮಾಡಿಸಿದೆ. ಚೈನ್ ಕವರ್ ಮೇಲೆ ಒಬ್ಬರಿಗೆ 28 ಅಂತ ಬರೆದಿದೆ. ಅಂದ್ರೆ ಮೊದಲೇ ಜಾಸ್ತಿ ಇತ್ತು.

ನಾನು: ಜಾಸ್ತಿ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಅಷ್ಟು ದೂರ ಓಡಿಸಿಕೊಂಡು ಹೋಗಿದ್ದೀರಿ, ಟೈರ್ ಬಿಸಿ ಆಗಿರುತ್ತೆ, ಒಳಗಿನ ಗಾಳಿ ಹಿಗ್ಗಿರುತ್ತೆ, ಅದಕ್ಕೇ 31. ಸ್ಟಿಕ್ಕರ್ ಮೇಲಿರೋ ನಂಬರು ತಣ್ಣಗಿರೋ ಟೈರಿನದು. ಗಾಡಿ ನಿಲ್ಲಿಸಿ ಮೂರು ಗಂಟೆಯಾದ್ರೂ ಆಗಿರಬೇಕು. ಬಿಸಿ ಟೈರಿಂದ ಹವಾ ತೆಗೆದ್ರೆ ಬೆಳಗ್ಗೆ ತಣ್ಣಗಾದಾಗ ಇನ್ನೂ ಕೆಳಗೆ ಹೋಗಿರುತ್ತೆ. ಅದೂ ಅಲ್ಲದೆ ಹಿಂದೆ ಕಾಕು ಕೂತಿರ್ತಾರೆ, ಇಬ್ಬರಿಗೆ ಎಷ್ಟು ಅಂತ ಅದೇ ಸ್ಟಿಕ್ಕರ್ ಮೇಲೆ ಪಕ್ಕದಲ್ಲೇ ಇದೆ ನೋಡಿ.

ಕಾಕು: 32 ಅಂತಿದೆ. ಈಗ ನೋಡಿದೆ.

ಕಾಕಾ ಕೋಥ್ರೂಡ್: ನೀನು ಯಾಕೆ ಪಾರ್ಕಿಂಗಿಗೆ ಹೋದೆ?

ಭಾವ ಠಾಣೆ: ಇಷ್ಟೆಲ್ಲ ಯಾಕೆ, ನೈಟ್ರೋಜನ್ ತುಂಬಿಸಿ ಬಿಡಿ. ಚಳಿ ಇರಲಿ ಬಿಸಿಲಿರಲಿ, ಒಂದು ಪಾಯಿಂಟೂ ಅಲ್ಲಾಡಲ್ಲ.

ಅಣ್ಣ ಮಡಗಾಂವ್: ಭಾವ, ನಾವು ಉಸಿರಾಡೋ ಗಾಳಿಯಲ್ಲೇ 78 ಭಾಗ ನೈಟ್ರೋಜನ್. ಅದೂ ಬಿಸಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಸೋರೋದು ಸ್ವಲ್ಪ ನಿಧಾನ, ಒಳಗೆ ತೇವ ಇರಲ್ಲ, ಅಷ್ಟೇ. ದುಡ್ಡು ಕೊಟ್ಟು ಹಾಕಿಸಿ ಆಮೇಲೆ ಚೆಕ್ ಮಾಡೋದನ್ನೇ ಬಿಡ್ತಾರಲ್ಲ, ಅದು ತೊಂದರೆ.

ಭಾವ ಠಾಣೆ: ಈ ಮೆಸೇಜ್ ಅಳಿಸಲಾಗಿದೆ

ಕಾಕಾ ಕೋಥ್ರೂಡ್: ಹಾಗಾದ್ರೆ ಫಾರ್ವರ್ಡ್ ಬರೆದವನು ಹುಚ್ಚನಾ?

ನಾನು: ಮರಳಲ್ಲಿ, ಕೆಸರಲ್ಲಿ ಓಡಿಸೋರು ಹವಾ ಇಳಿಸ್ತಾರೆ, ಅದು ನಿಜ. ಟೈರ್ ಚಪ್ಪಟೆಯಾಗಿ ಅಗಲಕ್ಕೆ ಕೂರುತ್ತೆ, ಹೂತು ಹೋಗಲ್ಲ. ಸಿಂಹಗಡದ ರೋಡು ಡಾಂಬರು ಕಾಕಾ. ಅಲ್ಲಿ ಕಡಿಮೆ ಹವಾ ಇದ್ರೆ ತಿರುವಲ್ಲಿ ಗಾಡಿ ಓಲಾಡುತ್ತೆ, ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತೆ, ಗುಂಡಿ ಸಿಕ್ಕರೆ ಏಟು ನೇರ ರಿಮ್ಮಿಗೆ. ಹೋದ ಜನವರಿ ಮುಳಶಿಗೆ ಹೋದಾಗ ನನಗೆ ಆಗಿದ್ದು ಇದೇ. ತಿಂಗಳಿಂದ ಚೆಕ್ ಮಾಡಿರಲಿಲ್ಲ. ಧಡ್ ಅಂತ ಒಂದು ಸದ್ದು, ರಿಮ್ ಬೆಂಡ್. ವಾಪಸ್ ಬರುವಾಗ ವಾಕಡ್ ತನಕ ಗಾಡಿ ಕುಂಟುತ್ತಲೇ ಬಂತು. ನಿಮಗೆ ಹೇಳಿರಲಿಲ್ಲ, ಬೈತೀರಿ ಅಂತ.

ಅಮ್ಮ: ನನಗೂ ಹೇಳಿಲ್ಲ.

ನಾನು: ಆಮೇಲೆ ಮಾತಾಡೋಣಮ್ಮ.

ಅಣ್ಣ ಮಡಗಾಂವ್: ಇನ್ನೊಂದು ಮಜಾ ಇದೆ. ಗಡ ಹತ್ತಿ ಅಲ್ಲಿ ಅಳೆದ್ರೆ ಹವಾ ನೋಡೋ ಗೇಜ್ ಒಂದು ಪಾಯಿಂಟ್ ಜಾಸ್ತಿ ತೋರಿಸುತ್ತೆ. ಪುಣೆ ಸುಮಾರು 560 ಮೀಟರ್ ಎತ್ತರ, ಗಡ 1,300ರ ಹತ್ತಿರ. ಮೇಲೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಬೈಕಲ್ಲಿ ಪುಣೆಯಿಂದ ಗೋವಾಕ್ಕೆ ಇಳಿದ್ರೆ ಇದೇ ಉಲ್ಟಾ, ಒಂದು ಪಾಯಿಂಟ್ ಕಮ್ಮಿ.

ಕಾಕಾ ಕೋಥ್ರೂಡ್: ಮೇಲೆ ಒಂದು ಪಾಯಿಂಟ್ ಏರುತ್ತೆ ಅಂದ್ರೆ ಕೆಳಗೆ ಕಡಿಮೆ ಇದ್ದರೂ ಸರಿ ಹೋಯ್ತಲ್ಲ!

ನಾನು: ಅಣ್ಣಾ, ನಿನಗೆ ಇದನ್ನು ಈಗಲೇ ಹೇಳಬೇಕಿತ್ತಾ?

ನಾನು: ಕಾಕಾ, ಒಂದೇ ಮಾತು ಕೇಳಿ. ನಾಳೆ ಎದ್ದ ತಕ್ಷಣ, ಗಾಡಿ ಸ್ಟಾರ್ಟ್ ಮಾಡೋದಕ್ಕೂ ಮುಂಚೆ, ಗೇಜ್ ಹಚ್ಚಿ ಫೋಟೋ ಹಾಕಿ. ಗೇಜು, ಪಂಪು ಎರಡೂ ನಿಮ್ಮ ಮನೇಲೇ ಇದೆ.

ಕಾಕಾ ಕೋಥ್ರೂಡ್: ನಮ್ಮ ಮನೇಲಿ ಯಾವ ಪಂಪು?

ನಾನು: ನಾವು ನಾಲ್ಕು ಮನೆಯವರು ಸೇರಿ ತಗೊಂಡ ಕಾಲಲ್ಲಿ ತುಳಿಯೋ ಪಂಪು. ದೀಪಾವಳಿಗೆ ಎರಡು ದಿನ ಅಂತ ಒಯ್ದಿದ್ರಲ್ಲ.

ಕಾಕು: ಶೂ ಸ್ಟ್ಯಾಂಡ್ ಹಿಂದೆ ಇದೆ.

ಶನಿವಾರ

ಕಾಕಾ ಕೋಥ್ರೂಡ್: (ಫೋಟೋ)

ಕಾಕಾ ಕೋಥ್ರೂಡ್: ಗೇಜ್ ಕೆಟ್ಟಿರಬೇಕು.

ಅಣ್ಣ ಮಡಗಾಂವ್: 22! ಕಾಕಾ, ಇಬ್ಬರಿಗೆ ಬೇಕಾಗಿದ್ದು 32.

ನಾನು: ಗೇಜ್ ಸರಿಯಾಗೇ ಇದೆ. ನಿನ್ನೆಯ 26 ಬಿಸಿ ಟೈರಿನ 26. ಈಗ ಹೊರಗೆ 12 ಡಿಗ್ರಿ. ಐದಾರು ಡಿಗ್ರಿ ಇಳಿದರೆ ಹೆಚ್ಚುಕಮ್ಮಿ ಒಂದು ಪಾಯಿಂಟ್ ಇಳಿಯುತ್ತೆ. ಓಡಿಸದೆ ಸುಮ್ನೆ ನಿಲ್ಲಿಸಿದ ಗಾಡಿಗೇ ಮಧ್ಯಾಹ್ನದ 30 ಡಿಗ್ರಿಯಿಂದ ಬೆಳಗಿನ 12ಕ್ಕೆ ಬರೋಷ್ಟರಲ್ಲಿ ಎರಡೂವರೆ ಪಾಯಿಂಟ್ ಹೋಗುತ್ತೆ. ಆದರೂ ವಾಲ್ವಿಗೆ ಸ್ವಲ್ಪ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದ್ರೆ ಪಿನ್ ಸೋರ್ತಿದೆ ಅಂತ.

ಕಾಕಾ ಕೋಥ್ರೂಡ್: ಗುಳ್ಳೆ ಬರಲಿಲ್ಲ. ವಾಲ್ವಿನ ಟೋಪಿ ಮಾತ್ರ ಇಲ್ಲ. ಪೆಟ್ರೋಲ್ ಪಂಪಿನ ಹುಡುಗ ಹಾಕೋದೇ ಮರೆತಿದ್ದಾನೆ.

ಅತ್ತೆ ಡೊಂಬಿವಲಿ: ತಮ್ಮಾ, ಬೆಳಗ್ಗೆ ಬೆಳಗ್ಗೆ ಟೈರಿಗೆ ಎಂಜಲು ಹಚ್ಚಿದ್ಯಾ? ಮೊದಲು ಸ್ನಾನ ಮಾಡು.

ಕಾಕಾ ಕೋಥ್ರೂಡ್: ತುಳೀತಿದ್ದೀನಿ. ಇರಿ.

ಕಾಕಾ ಕೋಥ್ರೂಡ್: 27

ಕಾಕಾ ಕೋಥ್ರೂಡ್: 30. ಮಂಡಿ ಹೋಯ್ತು.

ಕಾಕು: 32 ಬಂತು. ಉಳಿದಿದ್ದು ನಾನು ತುಳಿದೆ. ಇವರು ಮೆಟ್ಟಿಲ ಮೇಲೆ ಕೂತು ಗೇಜ್ ನೋಡ್ತಿದ್ರು.

ಕಾಕಾ ಕೋಥ್ರೂಡ್: ಆಯ್ತು, ಫಾರ್ವರ್ಡ್ ಅಳಿಸಿದೆ. ಆದ್ರೆ ಆಫೀಸಿನ ಗುಂಪಿಗೆ ಹೋಗಿಬಿಟ್ಟಿದೆ, ಅಲ್ಲಿ ಅಳಿಸಕ್ಕೆ ಬರ್ತಿಲ್ಲ.

ನಾನು: ಅಲ್ಲೂ ಒಂದು ಸಾಲು ಬರೀರಿ. ಮತ್ತೆ ಭಾನುವಾರ ಬರುವಾಗ ಪಂಪ್ ತನ್ನಿ, ಮುಂದಿನ ವಾರ ನನಗೆ ಬೇಕು.

ಕಾಕಾ ಕೋಥ್ರೂಡ್: ಗಡದ ಮೇಲೆ ಪಿಠಲಾ ಭಾಕರಿ, ಮಡಿಕೆ ಮೊಸರು ನನ್ನ ಖರ್ಚು. ಪಂಪಿನ ವಿಷಯ ನಿಧಾನಕ್ಕೆ ನೋಡೋಣ.

ಕಾಕು: ಚೀಲದಲ್ಲಿ ಹಾಕಿಟ್ಟಿದ್ದೆ. ಈಗ ನೋಡಿದ್ರೆ ಮತ್ತೆ ಶೂ ಸ್ಟ್ಯಾಂಡ್ ಹಿಂದೆ ಇದೆ.