ಯುರೋಪಿಗೆ ಎರಡು ಲಿಂಕ್ ಸಾಕಾ?

ಪ್ರಶ್ನೆ: ಮುಂಬೈನಿಂದ ಲಂಡನ್‌ಗೆ ಎರಡು ಬೇರೆ ಕಂಪನಿಗಳ ಡೇಟಾ ಲಿಂಕ್ (ನೆಟ್‌ವರ್ಕ್ ಸಂಪರ್ಕ) ತೆಗೆದುಕೊಳ್ಳುತ್ತಿದ್ದೇವೆ. ಇಷ್ಟು ಸಾಕಾ? ದೊಡ್ಡ ನೆಟ್‌ವರ್ಕ್ ನಡೆಸಿದವರು ದಯವಿಟ್ಟು ಹೇಳಿ.

ಉತ್ತರ 1: ಸಾಲದು. ಬಿಲ್ ಎರಡು ಬಂದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸೀ-ಮಿ-ವಿ 4 ಮತ್ತು ಫ್ಲಾಗ್, ಎರಡೂ ಸಮುದ್ರ ಕೇಬಲ್ ತುಂಡಾದವು. ಭಾರತದಿಂದ ಪಶ್ಚಿಮಕ್ಕೆ ಹೋಗುವ ಇಂಟರ್ನೆಟ್ ಟ್ರಾಫಿಕ್ ಒದ್ದಾಡಿತು. ಸಿಂಗಾಪುರ, ಪೆಸಿಫಿಕ್ ಕಡೆಯಿಂದ ಸುತ್ತಿ ಕಳಿಸಲು ಆದವರು ಬಚಾವಾದರು. ನಾನಂತೂ ಮೊದಲು ಮ್ಯಾಪ್ ಕೇಳುತ್ತೇನೆ: ಯಾವ ಕೇಬಲ್, ಯಾವ ಲ್ಯಾಂಡಿಂಗ್ ಸ್ಟೇಷನ್ (ಸಮುದ್ರ ಕೇಬಲ್ ದಡ ಸೇರುವ ಜಾಗ), ಈಜಿಪ್ಟಿನ ನೆಲದ ಮೇಲೆ ಯಾವ ದಾರಿ? ಕೊಡದಿದ್ದರೆ ಸಹಿ ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ಸಿಂಗಾಪುರದ ಕಡೆಯಿಂದ ಹೋದರೆ ಲೇಟೆನ್ಸಿ (ಡೇಟಾ ತಲುಪಲು ಹಿಡಿಯುವ ಸಮಯ) ಜಾಸ್ತಿ ಅಲ್ವಾ?

ಉತ್ತರ 1: ಜಾಸ್ತಿನೇ. ಆದರೂ ಸಂಪರ್ಕ ಉಳಿಯುತ್ತದೆ. ಆ ದಾರಿಯಲ್ಲಿ ಪೇಮೆಂಟ್ ಮತ್ತು ವಾಯ್ಸ್‌ಗೆ ಮೊದಲ ಜಾಗ ಕೊಡಿ. ಬ್ಯಾಕಪ್ ಫೈಲ್‌ಗಳು ಕಾಯಲಿ.

ಉತ್ತರ 2: ಇನ್ನೊಂದು ಮಾತು. ರೂಟರ್ ರಿಪೇರಿಗೆ ಒಳಹೋಗುವ ದಾರಿ ಅದೇ ನೆಟ್‌ವರ್ಕ್ ಮೇಲೆ ಇರಬಾರದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಬಿದ್ದಿತ್ತು. ಎಂಜಿನಿಯರ್‌ಗಳ ಟೂಲ್‌ಗಳೂ ಜೊತೆಗೇ ಸತ್ತಿದ್ದವು, ಜನರನ್ನು ಡೇಟಾ ಸೆಂಟರ್‌ಗೇ ಕಳಿಸಬೇಕಾಯಿತು. ಎರಡೂ ಊರಲ್ಲಿ ಬೇರೆ ಕಂಪನಿಯ 4ಜಿ ಸಿಮ್ ಹಾಕಿದ ಕನ್ಸೋಲ್ ಸರ್ವರ್ (ದೂರದಿಂದಲೇ ರೂಟರ್‌ಗೆ ಒಳಹೋಗಲು ಬಿಡುವ ಪೆಟ್ಟಿಗೆ) ಇಡಿ, ತಿಂಗಳಿಗೊಮ್ಮೆ ಲಾಗಿನ್ ಮಾಡಿ ನೋಡಿ.