ಕೆಲಸದ ಗಡಿಬಿಡಿ ಮಧ್ಯೆ ದೇವರು ಜೊತೆಗಿದ್ದಾರೆ ಅನ್ನೋ ಅರಿವು ಉಳಿಸ್ಕೊಳ್ಳೋದು ಹೇಗೆ?

ಆನಂದಪುರದ ತಂಗಿ:

ಎಲ್ರಿಗೂ ಕರ್ತನ ನಾಮದಲ್ಲಿ ವಂದನೆ. ನಾನು ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡಿಲಿ ಬಿಲ್ಲಿಂಗ್, ಲೆಕ್ಕಪತ್ರ ನೋಡ್ಕೊಳ್ತೀನಿ, ದಿನಾ ಆನಂದಪುರದಿಂದ ಬಸ್ಸಲ್ಲಿ ಓಡಾಟ. ಭಾನುವಾರ ಸಭೆಲಿ ಹಾಡೋವಾಗ, ಕರ್ತನ ಭೋಜನದ ಹೊತ್ತಲ್ಲಿ ದೇವರು ಇಲ್ಲೇ ಇದಾರೆ ಅಂತ ಯಾರೂ ಹೇಳ್ಕೊಡೋದು ಬೇಡ, ತಾನಾಗೇ ಗೊತ್ತಾಗುತ್ತೆ. ಸೋಮವಾರ ಬಸ್ಸು ಚೋರಡಿ ದಾಟೋಷ್ಟರಲ್ಲಿ ಫೋನ್ ಶುರು, ರಾಶಿ ರೇಟ್ ಎಷ್ಟು, ಬೆಟ್ಟೆ ಎಷ್ಟಕ್ಕೆ ಹೋಯ್ತು, ನಮ್ಮ ಗೊರಬಲು ಯಾಕೆ ಇನ್ನೂ ಟೆಂಡರಿಗೆ ಹಾಕಿಲ್ಲ ಅಂತ (ರಾಶಿ, ಬೆಟ್ಟೆ, ಗೊರಬಲು ಎಲ್ಲ ಅಡಿಕೆಯ ಬೇರೆ ಬೇರೆ ತರಗಳು), ಆಮೇಲೆ ಮಂಡಿಗೆ ಹೋದ್ರೆ ಸೀಸನ್ನಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ರಾತ್ರಿ ಮನೆಗೆ ಬಂದು ಮಲಗೋವಾಗ ನೆನಪಾಗುತ್ತೆ, ಇಡೀ ದಿನ ದೇವರನ್ನ ಒಂದು ಸಲನೂ ನೆನೆಸ್ಲಿಲ್ವಲ್ಲ ಅಂತ.

ಬೆಳಿಗ್ಗೆ ಬೈಬಲ್ ಓದ್ತೀನಿ, ಪ್ರಾರ್ಥನೆನೂ ಮಾಡ್ತೀನಿ. ಆದ್ರೆ ಎಡೆಬಿಡದೆ ಪ್ರಾರ್ಥನೆ ಮಾಡಿ ಅಂತ 1 ಥೆಸಲೋನಿಕ 5:17ರಲ್ಲಿ ಇದೆಯಲ್ಲ, ಅದು ನಮ್ಮಂಥ ದುಡಿಯೋರಿಗೆ ನಿಜವಾಗ್ಲೂ ಆಗೋ ಮಾತಾ? ಮಾಡಿ ನೋಡಿದವರು ಇದ್ರೆ ದಯವಿಟ್ಟು ಹೇಳಿ.

ತೋಟದ ದಾರಿ:

ತಂಗಿ, ತುಂಬಾ ಒಳ್ಳೆ ಪ್ರಶ್ನೆ. ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಹಾಗಾಗಿ ನಿಮ್ಮ ಮಂಡಿ ಗಲಾಟೆ ಎಂತದು ಅಂತ ಚೆನ್ನಾಗಿ ಗೊತ್ತು.

ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ರು, ಹೆಸರು ಕೇಳಿರಬಹುದು. 1614ರ ಹೊತ್ತಿಗೆ ಈಗಿನ ಫ್ರಾನ್ಸಿನ ಲೊರೇನ್ ಅನ್ನೋ ಪ್ರಾಂತ್ಯದಲ್ಲಿ ಹುಟ್ಟಿದವರು, ಮೊದಲು ಸೈನಿಕ, ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಕುಂಟು ಉಳೀತು, ಆಮೇಲೆ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿದ್ರು. ಫಾದರ್ ಅಲ್ಲ, ಅಡುಗೆಮನೆ ಕೆಲಸದ ಬ್ರದರ್, ಅದೂ ಸ್ವಭಾವದಿಂದ ಅವರಿಗೆ ಇಷ್ಟವೇ ಇಲ್ಲದ ಕೆಲಸ. ಅಲ್ಲೇ ಪಾತ್ರೆ ಸದ್ದಿನ ಮಧ್ಯೆ ದೇವರ ಜೊತೆ ಮಾತಾಡ್ತಾ ಇರೋದನ್ನ ಕಲಿತ್ರು. ಎಲ್ರೂ ಅಡುಗೆಮನೆ ಕಥೆನೇ ಹೇಳ್ತಾರೆ, ನನಗೆ ಅದಕ್ಕಿಂತ ಇಷ್ಟ ಆಗೋದು ಇನ್ನೊಂದು. ಮಠಕ್ಕೆ ದ್ರಾಕ್ಷಾರಸ ಖರೀದಿ ಮಾಡೋಕೆ ಅವರನ್ನ ಬರ್ಗಂಡಿಗೆ ಕಳಿಸಿದ್ರಂತೆ. ವ್ಯಾಪಾರ ಅಂದ್ರೆ ಎಂತದೂ ತಿಳಿಯದ ಮನುಷ್ಯ, ಕಾಲು ಬೇರೆ ಕುಂಟು, ದೋಣಿಲಿ ಆಕಡೆ ಈಕಡೆ ಹೋಗ್ಬೇಕಂದ್ರೆ ಪೀಪಾಯಿಗಳ ಮೇಲೆ ಉರುಳ್ಕೊಂಡೇ ಹೋಗ್ಬೇಕು. ದೇವರೇ ಇದು ನಿನ್ನ ಕೆಲಸ ಅಂತ ಹೇಳ್ಬಿಟ್ಟು ಹೋದ್ರು, ಕೆಲಸ ಚೆನ್ನಾಗೇ ಆಯ್ತು ಅಂತ ಹೇಳ್ಕೊಂಡಿದ್ದಾರೆ. ಅಂದ್ರೆ ಖರೀದಿ, ಸರಕು, ಲೆಕ್ಕ ಇವೆಲ್ಲ ದೇವರಿಂದ ದೂರದ ಜಾಗ ಅಂತ ಅವರು ನೋಡ್ಲೇ ಇಲ್ಲ.

ಅವರಿಗೂ ಸುಲಭಕ್ಕೆ ಬರ್ಲಿಲ್ಲ ಮತ್ತೆ. ಮೊದಲ ಹತ್ತು ವರ್ಷ ತುಂಬಾ ಕಷ್ಟಪಟ್ಟೆ ಅಂತ ಪತ್ರದಲ್ಲಿ ಬರ್ದಿದ್ದಾರೆ. ಮರೆತಾಗ ತಮ್ಮನ್ನ ತಾವೇ ಬೈಕೊಳ್ತಾ ಕೂರ್ತಿರ್ಲಿಲ್ಲ, ದೇವರ ಹತ್ರ ಒಪ್ಕೊಂಡು, ನೀನು ಕೈಬಿಟ್ರೆ ನಾನು ಹೀಗೇ ಅಂತ ಹೇಳಿ, ಮತ್ತೆ ಕೆಲಸಕ್ಕೆ ಇಳೀತಿದ್ರು.

ಬೈಬಲಲ್ಲೇ ನೋಡೋದಾದ್ರೆ ನೆಹೆಮೀಯ 2:4 ತೆಗೀರಿ. ನೆಹೆಮೀಯ ಪರ್ಷಿಯಾ ರಾಜನ ಸೇವಕ. ಏನು ಬೇಕು ನಿನಗೆ ಅಂತ ರಾಜ ಕೇಳ್ತಾನೆ, ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥನೆ ಮಾಡಿ ಉತ್ತರ ಕೊಡ್ತಾನೆ. ರಾಜನ ಎದುರು ನಿಂತವನಿಗೆ ಎಷ್ಟು ಟೈಮ್ ಇರುತ್ತೆ? ಒಂದು ಉಸಿರು, ಅಷ್ಟೆ. ಫೋನ್ ರಿಂಗ್ ಆಗಿ ನೀವು ಎತ್ತೋ ಮಧ್ಯೆ ಅಷ್ಟು ಜಾಗ ಖಂಡಿತ ಇರುತ್ತೆ ತಂಗಿ.

ಜಪಸರ:

ನಾನು ಕಥೋಲಿಕಳು, ಶಿವಮೊಗ್ಗದವಳೇ. ನಮ್ಮಲ್ಲಿ ಏಂಜೆಲಸ್ ಪ್ರಾರ್ಥನೆ ಅಂತ ಇದೆ, ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ ಗಂಟೆ ಹೊಡೆದಾಗ ಮಾಡೋದು. ಗಬ್ರಿಯೇಲ ದೂತ ಮರಿಯಮ್ಮನವರಿಗೆ ತಂದ ಸಂದೇಶ, ಅವರು ಆಗಲಿ ಅಂದಿದ್ದು, ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ವಾಸ ಮಾಡಿದ್ದು, ಇಷ್ಟನ್ನ ನೆನೆಯೋದು, ಎರಡು ನಿಮಿಷದಲ್ಲಿ ಮುಗಿಯುತ್ತೆ. ಹೊಲದಲ್ಲಿದ್ದವರು ಹೊಲದಲ್ಲೇ, ಅಂಗಡಿಲಿ ಇದ್ದವರು ಅಂಗಡಿಲೇ ಮಾಡ್ತಿದ್ದ ಪ್ರಾರ್ಥನೆ ಇದು. ಮನಸ್ಸು ತಾನಾಗಿ ನೆನಪಿಸ್ಕೊಳ್ಳುತ್ತೆ ಅಂತ ಕಾಯೋದಕ್ಕಿಂತ ಹೊರಗಿನ ಒಂದು ಗುರುತು ಇಟ್ಕೊಳ್ಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ನೀವು ಬೇರೆ ಸಭೆಯವರಾದ್ರೆ ನಿಮ್ಮದೇ ಪ್ರಾರ್ಥನೆ ಇಟ್ಕೊಳ್ಳಿ, 12ಕ್ಕೆ ಮೊಬೈಲಲ್ಲಿ ಅಲಾರಂ ಇಡಿ.

ಇನ್ನೊಂದು, ರಾತ್ರಿ ನೆನಪಾಗುತ್ತೆ ಅಂದ್ರಲ್ಲ, ಆ ಹೊತ್ತನ್ನ ಸುಮ್ನೆ ಬೇಜಾರಲ್ಲಿ ಕಳೀಬೇಡಿ. ಯೇಸು ಸಭೆ (ಜೆಸ್ವಿಟ್) ಶುರು ಮಾಡಿದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಶೋಧನೆ ಪ್ರಾರ್ಥನೆ ಸರಿಯಾಗಿ ಅದಕ್ಕೇ ಇರೋದು. ಮೊದಲು ಕೃತಜ್ಞತೆ ಹೇಳಿ, ಪವಿತ್ರಾತ್ಮರ ಬೆಳಕು ಕೇಳಿ, ಬೆಳಗಿಂದ ಒಂದೊಂದೇ ಗಂಟೆ ಹಿಂದಕ್ಕೆ ನೋಡ್ತಾ ಬನ್ನಿ, ತಪ್ಪು ಕಂಡಲ್ಲಿ ಕ್ಷಮೆ ಕೇಳಿ, ನಾಳೆಗೆ ಒಂದು ಸಣ್ಣ ನಿರ್ಧಾರ. ಯಾಕೋಬ ಬೇತೇಲಲ್ಲಿ ಕಲ್ಲು ತಲೆಗಿಟ್ಕೊಂಡು ಮಲಗಿ ಎದ್ದ ಮೇಲೇ ಅಲ್ವಾ ಹೇಳಿದ್ದು, ದೇವರು ಇಲ್ಲೇ ಇದ್ರು ನನಗೆ ಗೊತ್ತಾಗ್ಲಿಲ್ಲ ಅಂತ? ಆಮೇಲೆ ಗೊತ್ತಾದ್ರೂ ಅದು ಗೊತ್ತಾದ ಹಾಗೇ.

ನೈಟ್‌ಡ್ಯೂಟಿ ಅಕ್ಕ:

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದ್ರೆ ಒಂದು ವಿಷಯಕ್ಕೆ ಯಾರೂ ಕೈ ಹಾಕ್ಲಿಲ್ಲ. ಭಾನುವಾರ ಗೊತ್ತಾಗುತ್ತೆ ಅಂತ ಬರ್ದಿದೀರಲ್ಲ, ಆ ಅನುಭವ ಇದ್ರೆ ಮಾತ್ರ ದೇವರು ಇದಾರೆ ಅಂತ ಲೆಕ್ಕ ಹಾಕ್ಬೇಡಿ. ನಾನು ನರ್ಸ್. ಆಷಾಢದ ಮಳೆಲಿ ಕರೆಂಟ್ ಹೋಗಿ ಜನರೇಟರ್ ಸದ್ದಲ್ಲಿ ವಾರ್ಡ್ ನೋಡ್ಕೊಳ್ಳೋ ರಾತ್ರಿಗಳಲ್ಲಿ ನನಗೆ ಯಾವ ಅನುಭವನೂ ಆಗಲ್ಲ, ನಿದ್ದೆ ಮಾತ್ರ ಬರುತ್ತೆ. ಆದ್ರೂ ನಾನು ಪೇಷೆಂಟ್ ಮಗ್ಗುಲು ಬದಲಿಸೋವಾಗ ಕರ್ತನು ಅಲ್ಲಿದ್ದಾರೆ ಅಂತ ಪೂರ್ತಿ ನಂಬ್ತೀನಿ, ಯಾಕಂದ್ರೆ ಮತ್ತಾಯ 25ರಲ್ಲಿ ರೋಗಿಗೆ ಮಾಡಿದ್ದು ನನಗೇ ಮಾಡಿದ್ದು ಅಂತ ಅವರೇ ಹೇಳಿದ್ದಾರೆ.

ಬೈಬಲಲ್ಲಿ ಯೋಬ 23 ಓದಿ, ಕಷ್ಟದಲ್ಲಿ ಬಿದ್ದ ಯೋಬ ದೇವರನ್ನ ಹುಡುಕ್ತಾನೆ. ಮುಂದೆ ಹೋದ್ರೂ ಇಲ್ಲ ಹಿಂದೆ ಹೋದ್ರೂ ಇಲ್ಲ, ಎಡಕ್ಕೂ ಬಲಕ್ಕೂ ಕಾಣಲ್ಲ ಅಂತಾನೆ, ಅದಾದ್ಮೇಲೆ ನನ್ನ ದಾರಿ ಆತನಿಗೆ ಗೊತ್ತು ಅಂತಾನೆ. 88ನೇ ಕೀರ್ತನೆ ಮುಗಿಯೋದೇ ಕತ್ತಲೆಲಿ, ಆದ್ರೂ ಅದು ದೇವರಿಗೇ ಹೇಳಿದ ಮಾತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಗೆ ಬಂದಾಗ ಎಲ್ರಿಗೂ ಆಶ್ಚರ್ಯ, ಎಷ್ಟೋ ದಶಕ ಅವರಿಗೆ ದೇವರ ಸಮೀಪದ ಅನುಭವವೇ ಇರ್ಲಿಲ್ಲ, ಆದ್ರೂ ಬೆಳಿಗ್ಗೆ ಎದ್ದು ಬಡವರ ಹತ್ರ ಹೋದ್ರು. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳೋವಾಗ ಇಂಥದ್ದು ಹೇಳೋದೇ ಕಮ್ಮಿ, ಅದರಿಂದ ಎಷ್ಟೋ ಜನ ತಮ್ಮ ನಂಬಿಕೆಲೇ ಏನೋ ಕೊರತೆ ಅಂದ್ಕೊಂಡು ಒಳಗೊಳಗೇ ನೋಯ್ತಾರೆ. ನನಗೆ ಇದು ತುಂಬಾ ಸಂಕಟದ ವಿಷಯ, ಅದಕ್ಕೇ ಇಷ್ಟುದ್ದ ಬರ್ದೆ.

ಆನಂದಪುರದ ತಂಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಕ್ಕ ನಿಮ್ಮ ಮಾತು ಓದಿ ಕಣ್ಣು ತುಂಬ್ತು. ಇನ್ನೊಂದು ಡೌಟು. ಬಿಲ್ ಬರೆಯೋದಂದ್ರೆ ಪೂರ್ತಿ ಗಮನ ಬೇಕು, ಒಂದು ಅಂಕಿ ಆಚೀಚೆ ಆದ್ರೆ ರೈತರಿಗೆ ನಷ್ಟ. ಆಗ ದೇವರ ಕಡೆ ಮನಸ್ಸು ಕೊಟ್ರೆ ಕೆಲಸ ಕೆಡುತ್ತೆ, ಕೆಲಸಕ್ಕೆ ಕೊಟ್ರೆ ದೇವರು ಮರೆತೋಗ್ತಾರೆ. ಇದಕ್ಕೇನು ಮಾಡೋದು?

ತೋಟದ ದಾರಿ:

ಅಲ್ಲಿ ಮನಸ್ಸನ್ನ ಎರಡು ಭಾಗ ಮಾಡೋಕೆ ಹೋಗ್ಬೇಡಿ ತಂಗಿ. ನಮ್ಮ ಮನೆ ಬಚ್ಚಲ ಒಲೆಲಿ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡನ ಯಾರೂ ಊದ್ತಾ ಕೂರಲ್ಲ, ಅದರ ಪಾಡಿಗೆ ಅದು ಇರುತ್ತೆ, ಬೆಳಿಗ್ಗೆ ಊದಿದ್ರೆ ಹತ್ಕೊಳ್ಳುತ್ತೆ. ಬಿಲ್ ಬರೆಯೋ ಹೊತ್ತಲ್ಲಿ ಬಿಲ್ ಮೇಲೇ ಪೂರ್ತಿ ಗಮನ ಇರ್ಲಿ, ಅದು ದೇವರನ್ನ ಮರೆತ ಹಾಗಲ್ಲ. ಕೊಲೊಸ್ಸೆ 3:23ರಲ್ಲಿ ಏನು ಮಾಡಿದ್ರೂ ಮನುಷ್ಯರಿಗೋಸ್ಕರ ಅಲ್ಲ ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಮಾಡಿ ಅಂತ ಪೌಲ ಬರ್ದಿದ್ದು ದಾಸರಿಗೆ, ದಿನವಿಡೀ ಬೇರೆಯವರ ಕೆಲಸ ಮಾಡ್ತಿದ್ದವರಿಗೆ.

ನಿಮ್ಮ ಜಾಗದಲ್ಲಿ ದೇವರ ಸನ್ನಿಧಿ ಅಂದ್ರೆ ನನಗೆ ಮೊದಲು ಹೊಳೆಯೋದು ತಕ್ಕಡಿ. ಜ್ಞಾನೋಕ್ತಿ 11:1ರಲ್ಲಿ ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ, ಸರಿಯಾದ ತೂಕ ಆತನಿಗೆ ಸಂತೋಷ ಅಂತ ಇದೆ. ಸಂತೋಷ ಅಂತ ಇರೋದು ನೋಡಿ! ವರ್ಷದ ಬೆಳೆ ಮೂಟೆಲಿ ತುಂಬ್ಕೊಂಡು ಬಂದು ನಿಮ್ಮ ಮೇಜಿನ ಎದುರು ನಿಲ್ಲೋ ನಮ್ಮಂಥ ರೈತನಿಗೆ, ಕೊಳೆ ರೋಗದಲ್ಲಿ ಅರ್ಧ ಫಸಲು ಹೋಗಿರೋನಿಗೆ, ನೀವು ತೂಕ ಸರಿಯಾಗಿ ಬರ್ದು, ಕಡಿತ ಎಷ್ಟು ಯಾಕೆ ಅಂತ ಎರಡು ಸಲ ಕೇಳಿದ್ರೂ ಸಿಡುಕದೆ ಹೇಳಿದ್ರೆ, ಆ ಹೊತ್ತಲ್ಲಿ ನಿಮಗೆ ದೇವರ ನೆನಪಿತ್ತೋ ಇಲ್ವೋ, ನೀವು ಆತನ ಎದುರಿಗೇ ನಡೀತಿದ್ರಿ.

ಬಸ್ಸಿಗೆ ಒಂದು ಹೇಳ್ತೀನಿ. 121ನೇ ಕೀರ್ತನೆ ಬಾಯಿಪಾಠ ಮಾಡಿ, ಎಂಟೇ ವಚನ. ಬೆಟ್ಟಗಳ ಕಡೆ ಕಣ್ಣೆತ್ತೋದ್ರಿಂದ ಶುರುವಾಗಿ, ಹೋಗುವಾಗ ಬರುವಾಗ ಕರ್ತನು ಕಾಪಾಡ್ತಾನೆ ಅನ್ನೋದಕ್ಕೆ ಮುಗಿಯುತ್ತೆ. ಚೋರಡಿಲಿ ಫೋನ್ ಶುರುವಾಗೋದಾದ್ರೆ ಆನಂದಪುರ ಬಿಟ್ಟ ಕೂಡ್ಲೇ ಹೇಳ್ಕೊಂಡು ಮುಗಿಸ್ಬಹುದು.