ಸ್ಕೂಟರ್‌ನ ಮೀಟರ್ ತೋರಿಸುವ ವೇಗ ಮತ್ತು ದೂರ ಸರಿಯಾಗಿವೆಯೇ ಎಂದು ರಸ್ತೆಯಲ್ಲೇ ತಿಳಿಯುವುದು ಹೇಗೆ?

ಪ್ರಶ್ನೆ – ಕಟಪಾಡಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹಿಸುತ್ತೇನೆ. ಉದ್ಯಾವರದಿಂದ ಕಾಪುವಿನವರೆಗೆ ಅಂಗಡಿ ಅಂಗಡಿಗೆ ಹೋಗಬೇಕಾದ ಕೆಲಸವಾದ್ದರಿಂದ, ಸಂಘವು ತಿಂಗಳ ಕೊನೆಗೆ ನನ್ನ ಸ್ಕೂಟರ್‌ನ ಓಡೋಮೀಟರ್ ನೋಡಿ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ಭತ್ಯೆ ಕೊಡುತ್ತದೆ. ಕಳೆದ ವಾರ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಹಿಂದೆ ಕುಳಿತಿದ್ದ ತಮ್ಮ ತನ್ನ ಮೊಬೈಲಿನ ಜಿಪಿಎಸ್ ನೋಡಿ, ಮೀಟರಿನ ಮುಳ್ಳು 60ರಲ್ಲಿದ್ದರೂ ನಿಜವಾದ ವೇಗ 55ರ ಆಸುಪಾಸಿನಲ್ಲಿದೆ ಎಂದು ಹೇಳಿದ. ವೇಗವನ್ನು ಹೆಚ್ಚಾಗಿ ತೋರಿಸುವ ಮೀಟರ್ ದೂರವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಾಗಿ ಎಣಿಸುತ್ತಿದ್ದರೆ, ನಾನು ಓಡಿಸದ ಕಿಲೋಮೀಟರಿಗೂ ಹಣ ಪಡೆಯುತ್ತಿದ್ದೇನೆ ಎಂದಾಗುತ್ತದೆ. ಅದು ಸದಸ್ಯರ ಹಣ. ಸಂಶಯ ಇಟ್ಟುಕೊಂಡು ಸಹಿ ಹಾಕಲು ಮನಸ್ಸು ಒಪ್ಪುವುದಿಲ್ಲ.

ಸ್ಕೂಟರ್ 110 ಸಿಸಿಯದು. ಮುಂದಿನ ಚಕ್ರದಿಂದ ಕೇಬಲ್ ಬರುವ, ಮುಳ್ಳಿನ ಮೀಟರ್. ಮುಂದಿನ ಟಯರ್ 90/90-12 ಅಳತೆಯದು, ಸಾಕಷ್ಟು ಸವೆದಿದೆ. ಗ್ಯಾರೇಜಿನಲ್ಲಿ ವಿಚಾರಿಸಿದರೆ ಎಲ್ಲ ಗಾಡಿಗಳೂ ಹೀಗೆಯೇ ಎಂದು ಹೇಳಿ ಕಳುಹಿಸಿದರು. ದೋಷ ಎಷ್ಟಿದೆ ಎಂದು ನಾನೇ ಅಳೆಯುವ ದಾರಿ ಇದೆಯೇ?

ಉತ್ತರ – ಸುರತ್ಕಲ್‌ನಿಂದ

ಅಳೆಯಬಹುದು. ಆದರೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು: ಸ್ಪೀಡೋಮೀಟರ್ ಮತ್ತು ಓಡೋಮೀಟರ್ ಒಂದೇ ಡಬ್ಬಿಯೊಳಗಿದ್ದರೂ ಅವು ಎರಡು ಬೇರೆ ಬೇರೆ ಅಳತೆಗಳು, ಆದ್ದರಿಂದ ಒಂದರ ದೋಷವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಬಾರದು. ವೇಗವನ್ನು ಸ್ವಲ್ಪ ಹೆಚ್ಚಾಗಿ ತೋರಿಸುವುದು ತಯಾರಕರು ತಿಳಿದೇ ಇಟ್ಟುಕೊಂಡ ಅಂತರ. ಅನೇಕ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸುವುದಾದರೆ ಮೋಟಾರ್ ಸೈಕಲ್ ವರ್ಗದ ವಾಹನಗಳಿಗೆ ನಿಜವಾದ ವೇಗದ ಶೇ. 10 ಮತ್ತು ಅದರ ಮೇಲೆ 8 ಕಿ.ಮೀ.ವರೆಗೆ ಅವಕಾಶವಿದೆ. ಆ ಲೆಕ್ಕದಲ್ಲಿ ನಿಜವಾದ 55ಕ್ಕೆ ಮುಳ್ಳು 68 ದಾಟದಿದ್ದರೆ ಅದು ಮಿತಿಯೊಳಗಿನದೇ. ದೂರದ ಎಣಿಕೆಯಲ್ಲಿ ಬೇಕೆಂದೇ ಹೆಚ್ಚಿಸುವ ಇಂಥ ಅಂತರ ಇರಬೇಕಾಗಿಲ್ಲ. ಭತ್ಯೆಯ ವಿಷಯದಲ್ಲಿ ನಿಮಗೆ ಬೇಕಾಗಿರುವುದು ಓಡೋಮೀಟರಿನ ದೋಷ ಮಾತ್ರ.

ದೂರದ ಪರೀಕ್ಷೆಗೆ ರಾಷ್ಟ್ರೀಯ ಹೆದ್ದಾರಿ 66ರ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳು ಅನುಕೂಲ. ಒಂದೇ ಒಂದು ಕಿಲೋಮೀಟರಿನಲ್ಲಿ ಪರೀಕ್ಷಿಸಿ ತೀರ್ಮಾನಕ್ಕೆ ಬರಬೇಡಿ. ಓಡೋಮೀಟರಿನ ಕೊನೆಯ ಅಂಕಿ 100 ಮೀಟರಿನದು, ಅದನ್ನು ಓದುವಾಗ ಒಂದು ಅಂಕಿ ಆಚೀಚೆಯಾದರೆ ಒಂದು ಕಿಲೋಮೀಟರಿನಲ್ಲಿ ಶೇ. 10ರಷ್ಟು ತಪ್ಪು ಬರುತ್ತದೆ, ಹತ್ತು ಕಿಲೋಮೀಟರಿನಲ್ಲಿ ಅದೇ ತಪ್ಪು ಶೇ. 1ಕ್ಕೆ ಇಳಿಯುತ್ತದೆ. ಮೊದಲ ಕಲ್ಲಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಕೊನೆಯ ಚಕ್ರದ ಅಂಕಿ ಕಿಂಡಿಯಲ್ಲಿ ಪೂರ್ತಿ ಕಾಣುತ್ತಿದೆಯೋ, ಅರ್ಧ ಮೇಲೇರಿದೆಯೋ ನೋಡಿ ಹಾಗೆಯೇ ಬರೆದುಕೊಳ್ಳಿ. ಅರ್ಧ ಏರಿದ್ದರೆ ಅದನ್ನು 50 ಮೀಟರ್ ಎಂದು ಹಿಡಿಯಬಹುದು. ಕೊನೆಯ ಕಲ್ಲಿನ ಬಳಿಯೂ ಇದೇ ಕ್ರಮ. ನಡುವೆ ಸರ್ವಿಸ್ ರಸ್ತೆಗೆ ಇಳಿಯಬಾರದು, ಪೆಟ್ರೋಲ್ ಬಂಕಿಗೆ ತಿರುಗಬಾರದು.

ವೇಗಕ್ಕೆ ಜಿಪಿಎಸ್ ಒಳ್ಳೆಯದು, ಏಕೆಂದರೆ ಅದು ಉಪಗ್ರಹದ ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದಲೇ ವೇಗವನ್ನು ಲೆಕ್ಕ ಹಾಕಬಲ್ಲದು. ಆದರೆ ಮೊಬೈಲಿನ ಪರದೆಗೆ ಆ ಅಂಕಿ ಬರುವುದು ಸ್ವಲ್ಪ ತಡವಾಗಿ. ಆದ್ದರಿಂದ ಸಮತಟ್ಟಾದ, ನೇರವಾದ, ಮರಗಳ ಮುಚ್ಚಿಗೆ ಇಲ್ಲದ ಕಡೆ ಮುಳ್ಳನ್ನು ಒಂದೇ ಕಡೆ ಅರ್ಧ ನಿಮಿಷವಾದರೂ ನಿಲ್ಲಿಸಿ, ಆಮೇಲೆ ಬಂದ ಅಂಕಿಯನ್ನು ಮಾತ್ರ ಹಿಂದೆ ಕುಳಿತವರು ಬರೆದುಕೊಳ್ಳಲಿ. ಓಡಿಸುವವರು ಮೊಬೈಲನ್ನು ನೋಡಲೇಬಾರದು. ಬೆಳಿಗ್ಗೆ ಬೇಗ ಹೋದರೆ ಬಸ್ಸುಗಳ ಕಾಟವೂ ಕಡಿಮೆ. ಜಿಪಿಎಸ್ ಬೇಡವೆಂದರೆ ಎರಡು ಕಲ್ಲುಗಳ ನಡುವಿನ ಸಮಯವನ್ನು ಸ್ಟಾಪ್‌ವಾಚಿನಲ್ಲಿ ಹಿಡಿದು 3600ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಮುಳ್ಳು 60ರಲ್ಲಿರುವಾಗ ಒಂದು ಕಿಲೋಮೀಟರಿಗೆ 66 ಸೆಕೆಂಡು ಹಿಡಿದರೆ ನಿಜವಾದ ವೇಗ ಸುಮಾರು 54.5.

ಉತ್ತರ – ಬ್ರಹ್ಮಾವರದಿಂದ

ನಾನು ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸುತ್ತೇನೆ. ಮೇಲಿನವರು ಎರಡು ಅಳತೆಗಳೆಂದು ಹೇಳಿದ್ದು ಸರಿ. ಮೀಟರನ್ನು ಬಿಚ್ಚಿ ನೋಡಿದವರಿಗೆ ಅದರ ಕಾರಣ ಕಣ್ಣಿಗೇ ಕಾಣುತ್ತದೆ. ಮುಂದಿನ ಹಬ್‌ನಲ್ಲಿರುವ ಹಲ್ಲುಚಕ್ರ ಕೇಬಲಿನ ಒಳತಂತಿಯನ್ನು ತಿರುಗಿಸುತ್ತದೆ. ಆ ತಂತಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದಿರುವ ಅಲ್ಯುಮಿನಿಯಂ ಬಟ್ಟಲು ಅದರ ಸೆಳೆತಕ್ಕೆ ತಿರುಗಲು ನೋಡುತ್ತದೆ, ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಅದನ್ನು ತಡೆಹಿಡಿಯುತ್ತದೆ. ಈ ಎರಡರ ಸಮತೋಲವೇ ಮುಳ್ಳಿನ ಸ್ಥಾನ. ಅಯಸ್ಕಾಂತ ದುರ್ಬಲವಾದರೆ ಮುಳ್ಳು ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸಡಿಲವಾದರೆ ಹೆಚ್ಚು. ಓಡೋಮೀಟರಿಗೆ ಇದಾವುದರ ಸಂಬಂಧವೂ ಇಲ್ಲ. ಅದು ಅದೇ ತಂತಿಯ ಸುತ್ತುಗಳನ್ನು ಹಲ್ಲುಚಕ್ರಗಳಿಂದ ನೇರವಾಗಿ ಎಣಿಸುತ್ತದೆ, ಹಲ್ಲು ಜಾರದಿದ್ದರೆ ಒಂದು ಸುತ್ತೂ ತಪ್ಪುವುದಿಲ್ಲ.

ಹಾಗಾಗಿ ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿಸಿದರೆ ಟಯರನ್ನು ಅಥವಾ ಹಬ್‌ನ ಹಲ್ಲುಚಕ್ರವನ್ನು ಸಂಶಯಿಸಿ. ಬೇರೆ ಮಾದರಿಯ ಹಲ್ಲುಚಕ್ರ ಕೂರಿಸಿದ ಗಾಡಿಗಳು ನನ್ನಲ್ಲಿಗೆ ಬಂದಿವೆ. ಮುಳ್ಳು ಮಾತ್ರ ಹೆಚ್ಚು ತೋರಿಸಿದರೆ ವಿಷಯ ಮೀಟರಿನೊಳಗಿನದು. ಟಯರಿನ ಪಾಲು ಜನ ಅಂದುಕೊಳ್ಳುವಷ್ಟು ದೊಡ್ಡದಲ್ಲ. 90/90-12 ಟಯರಿನ ತ್ರಿಜ್ಯ ಲೆಕ್ಕದ ಪ್ರಕಾರ ಸುಮಾರು 233 ಮಿ.ಮೀ.; ಅದರಲ್ಲಿ 3 ಮಿ.ಮೀ. ಸವೆದರೆ ವ್ಯತ್ಯಾಸ ಶೇ. 1.3ರಷ್ಟು. ಗಾಳಿ ಕಡಿಮೆಯಿದ್ದರೂ ಚಕ್ರದ ಸುತ್ತು ಸ್ವಲ್ಪ ಚಿಕ್ಕದಾಗುವುದರಿಂದ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿಯನ್ನು ಟಯರ್ ತಣ್ಣಗಿರುವಾಗ ಹಾಕಿಸಿ ಅಳೆಯಿರಿ.

ನಮ್ಮ ಕರಾವಳಿಯ ಮಾತು ಒಂದಿದೆ. ಮಳೆಗಾಲದಲ್ಲಿ ಕೇಬಲಿನ ಕೆಳತುದಿಯಿಂದ ನೀರು ಒಳಸೇರಿ ಗ್ರೀಸ್ ತೊಳೆದುಹೋಗುತ್ತದೆ, ಉಪ್ಪಿನ ಗಾಳಿಗೆ ಒಳತಂತಿ ತುಕ್ಕು ಹಿಡಿಯುತ್ತದೆ. ಆಗ ತಂತಿ ಒಮ್ಮೆ ಹಿಡಿದು ಒಮ್ಮೆ ಬಿಟ್ಟು ತಿರುಗುವುದರಿಂದ ಮುಳ್ಳು 40 ಮತ್ತು 50ರ ನಡುವೆ ನಡುಗುತ್ತದೆ. ನಡುಗುವ ಮುಳ್ಳಿನಲ್ಲಿ ಯಾವ ಪರೀಕ್ಷೆಯೂ ಫಲ ಕೊಡದು. ಮೊದಲು ಕೇಬಲ್ ಬಿಚ್ಚಿ ಗ್ರೀಸ್ ಹಾಕಿಸಿ, ಇಲ್ಲವೇ ಬದಲಾಯಿಸಿ.

ಉತ್ತರ – ಮಂಗಳೂರಿನಿಂದ

ಕಿಲೋಮೀಟರ್ ಕಲ್ಲುಗಳ ಬಗ್ಗೆ ಒಂದು ಎಚ್ಚರಿಕೆ. ರಸ್ತೆ ಚತುಷ್ಪಥವಾಗಿ ಅಗಲವಾದಾಗ, ತಿರುವುಗಳು ನೇರವಾದಾಗ, ಕಾಮಗಾರಿಗಾಗಿ ಕಿತ್ತು ಮತ್ತೆ ನೆಟ್ಟಾಗ ಎಲ್ಲ ಕಲ್ಲುಗಳೂ ಕರಾರುವಾಕ್ಕಾದ ಜಾಗದಲ್ಲಿ ಉಳಿದಿರುತ್ತವೆ ಎಂದು ನಂಬುವಂತಿಲ್ಲ. ನೀವು ಆರಿಸಿಕೊಂಡ ಎರಡು ಕಲ್ಲುಗಳ ನಡುವಿನ ದೂರವನ್ನು ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರದ ಮೇಲೆ, ದೂರ ಅಳೆಯುವ ಸೌಲಭ್ಯದಿಂದ ರಸ್ತೆಯ ಗುಂಟ ಚುಕ್ಕೆ ಇಡುತ್ತಾ ಹೋಗಿ ಹೋಲಿಸಿ ನೋಡಿ. ಓಡುವಾಗ ಮೊಬೈಲ್ ದಾಖಲಿಸುವ ದೂರವನ್ನು ಮಾತ್ರ ಆಧಾರವಾಗಿ ಹಿಡಿಯಬೇಡಿ. ಅದು ತಿರುವುಗಳನ್ನು ಕತ್ತರಿಸಿ ಕಡಿಮೆ ಎಣಿಸುತ್ತದೆ, ಸಿಗ್ನಲಿನಲ್ಲಿ ನಿಂತಾಗ ಚುಕ್ಕೆ ಅಲುಗಾಡಿ ಹೆಚ್ಚು ಎಣಿಸುತ್ತದೆ.

ಪ್ರಶ್ನೆ ಕೇಳಿದವರಿಂದ – ಕಟಪಾಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೇಬಲಿಗೆ ಗ್ರೀಸ್ ಹಾಕಿಸಿ, ಗಾಳಿ ಸರಿ ಮಾಡಿಸಿ, ಭಾನುವಾರ ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಪಡುಬಿದ್ರಿ ಕಡೆಗೆ ಹೋಗಿ ಅಳೆದೆ. ಮ್ಯಾಪಿನಲ್ಲಿಯೂ ಹೊಂದಿಕೆಯಾದ 10 ಕಿ.ಮೀ. ಅಂತರಕ್ಕೆ ಓಡೋಮೀಟರ್ 10.3 ತೋರಿಸಿತು, ಹಿಂತಿರುಗುವಾಗ ಎದುರು ಬದಿಯಲ್ಲಿ ಅಳೆದಾಗಲೂ ಅಷ್ಟೇ. ಮುಳ್ಳು 50ರಲ್ಲಿದ್ದಾಗ ಜಿಪಿಎಸ್ 46, 60ರಲ್ಲಿದ್ದಾಗ 55. ಅಂದರೆ ವೇಗದಲ್ಲಿ ಶೇ. 9, ದೂರದಲ್ಲಿ ಶೇ. 3. ನಾನು ಭಯಪಟ್ಟದ್ದರ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬಂತು. ಸಾವಿರ ಕಿಲೋಮೀಟರ್ ಬರೆದುಕೊಡುವಲ್ಲಿ ನಿಜವಾಗಿ ಓಡಿರುವುದು ಸುಮಾರು 970. ಇದನ್ನು ಬರವಣಿಗೆಯಲ್ಲಿ ಕಾರ್ಯದರ್ಶಿಯವರಿಗೆ ಕೊಟ್ಟು, ಇನ್ನು ಮುಂದೆ ಓದಿದ ಅಂಕಿಯನ್ನು 1.03ರಿಂದ ಭಾಗಿಸಿ ಭತ್ಯೆ ಕೊಡುವಂತೆ ಕೇಳಿಕೊಂಡಿದ್ದೇನೆ. ಮುಂದಿನ ಟಯರನ್ನು ಈ ತಿಂಗಳೇ ಬದಲಾಯಿಸಬೇಕಾಗಿದೆ; ಆಗಲೂ ಇದೇ 1.03 ನಡೆಯುತ್ತದೆಯೇ?

ಉತ್ತರ – ಬ್ರಹ್ಮಾವರದಿಂದ

ನಡೆಯುವುದಿಲ್ಲ. ಹೊಸ ಟಯರಿನ ಸುತ್ತಳತೆ ಹೆಚ್ಚಿರುವುದರಿಂದ ಶೇ. 3 ಇದ್ದದ್ದು ಶೇ. 2ರ ಹತ್ತಿರಕ್ಕೆ ಇಳಿಯಬಹುದು, ಅದೇ ಅಳತೆಯ ಟಯರಿನಲ್ಲಿಯೂ ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಟಯರ್ ಹಾಕಿಸಿದ ಮೇಲೆ ಅದೇ ಎರಡು ಕಲ್ಲುಗಳ ನಡುವೆ ಮತ್ತೊಮ್ಮೆ ಅಳೆದು, ಟಯರ್ ಬದಲಾಯಿಸಿದ ದಿನದ ಓಡೋಮೀಟರ್ ಅಂಕಿಯನ್ನೂ ಕಾರ್ಯದರ್ಶಿಯವರಿಗೆ ಕೊಟ್ಟ ಪತ್ರದಲ್ಲಿಯೇ ಸೇರಿಸಿಬಿಡಿ.